ಖಾಲಿ ಬಂದ ಸೂಜಿ

ನಮ್ಮ ಧಾನ್ಯದ ಮಂಡಿಯಲ್ಲಿ ನಾನು ಹೆದರುವುದು ಒಬ್ಬಳಿಗೇ. ಅವಳ ಕೈಯಲ್ಲಿ ಮೊಳದುದ್ದದ ಕಬ್ಬಿಣದ ಕೊಳವೆ. ತುದಿ ಚೂಪು, ಒಂದು ಬದಿ ಸೀಳು. ಮೂಟೆಗೆ ಚುಚ್ಚಿ ತಿರುಗಿಸಿ ಎಳೆದರೆ ಹಿಡಿಯಷ್ಟು ಕಾಳು ಹೊರಬರುತ್ತದೆ. ಅಂಗೈಗೆ ಸುರಿದು, ಊದಿ, ಒಂದೆರಡು ಕಾಳು ಕಚ್ಚಿ ನೋಡಿ ದರ್ಜೆ ಹೇಳುತ್ತಾಳೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಎಲ್ಲರ ಬಾಯಲ್ಲೂ ಸೂಜಿಯಕ್ಕ.

ಮೂಟೆಯ ಬಾಯಿಗೆ ಒಳ್ಳೆ ಕಾಳು, ತಳಕ್ಕೆ ಹುಳು ಹಿಡಿದದ್ದು ತುಂಬುವ ಕಲೆಯಲ್ಲಿ ನಾನೇನೂ ಕಡಿಮೆಯವನಲ್ಲ. ಆದರೆ ಅವಳು ಬಾಯಿ, ನಡು, ತಳ ಮೂರೂ ಕಡೆ ಚುಚ್ಚುವವಳು. ಕೊಳವೆ ಖಾಲಿ ಬಂದರೆ ದರ್ಜೆ ಹೇಳುವುದಿಲ್ಲ, ಮತ್ತೆ ಚುಚ್ಚುತ್ತಾಳೆ.

ಇಂಥವಳಿಗೆ ಒಣಕೆಮ್ಮು ಹತ್ತಿತು. ಸ್ಕ್ಯಾನ್ ಮಾಡಿಸಿದರೆ ಶ್ವಾಸನಾಳದ ಪಕ್ಕದ ಗ್ರಂಥಿಗಳು ಊದಿಕೊಂಡಿದ್ದವು. ದೊಡ್ಡಾಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮೆರಾದ ಕೊಳವೆ ಇಳಿಸಿ, ಅದರೊಳಗಿಂದ ಸೂಜಿ ಹಾಯಿಸಿ, ನಾಳದ ಗೋಡೆಯಾಚೆಗಿದ್ದ ಗ್ರಂಥಿಗೆ ಚುಚ್ಚಿದರು. ಮಾದರಿ ಸಾಲದು ಎಂದು ವರದಿ ಬಂತು. ಆದರೂ ವೈದ್ಯರು ಕ್ಷಯವೇ ಇರಬೇಕೆಂದು ಆರು ತಿಂಗಳ ಮಾತ್ರೆ ಬರೆದುಕೊಟ್ಟರು. ಸಾಮಾನ್ಯವಾಗಿ ಅದೇ ಇರುತ್ತದಂತೆ.

ಸುದ್ದಿ ಅವಳಿಗಿಂತ ಮೊದಲೇ ಮಂಡಿ ತಲುಪಿತು. ಅವಳ ಟೀ ಲೋಟ ಬೇರೆಯಾಯಿತು, ಸ್ಟೂಲು ಗೇಟಿನಾಚೆ ಹೋಯಿತು. ಕ್ಷಯವಿಲ್ಲವೆಂಬ ಕಾಗದ ತರುವವರೆಗೆ ಬರಬೇಡ, ತಿಂಗಳೊಳಗೆ ತರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ವರ್ತಕರು ಪತ್ರ ಕೊಟ್ಟರು.

ಅವಳು ಮಾತ್ರೆಯ ಚೀಟಿ ಮಡಚಿಕೊಂಡು ಮತ್ತೆ ಆಸ್ಪತ್ರೆಗೆ ಹೊರಟಳು. ನನಗೂ ಅಲ್ಲಿ ಬಿಪಿ ತೋರಿಸುವುದಿತ್ತು, ಜೊತೆಗೆ ಹೋದೆ.

"ಎಷ್ಟು ಕಡೆ ಚುಚ್ಚಿದ್ರಿ ಡಾಕ್ಟ್ರೇ?"

"ಒಂದು ಕಡೆ."

"ನೋಡ್ಕೊಂಡೋ, ಅಂದಾಜಿಗೋ?"

ವೈದ್ಯರು ಕನ್ನಡಕ ತೆಗೆದು ಒರೆಸಿದರು. ಸ್ಕ್ಯಾನ್ ನೋಡಿಟ್ಟುಕೊಂಡು ಅಂದಾಜಿನ ಮೇಲೆ ಚುಚ್ಚುವುದು ಹಳೆಯ ಕ್ರಮವೆಂದೂ, ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಕೊಳವೆಯಾದರೆ ಗ್ರಂಥಿಯನ್ನು ಪರದೆಯ ಮೇಲೆ ನೋಡುತ್ತಲೇ ಚುಚ್ಚಬಹುದೆಂದೂ, ಉತ್ತರ ಸಿಗುವುದು ಅದರಲ್ಲೇ ಹೆಚ್ಚೆಂದೂ ವಿವರಿಸಿದರು. ಆ ಯಂತ್ರ ಎಲ್ಲಿದೆ ಎಂದು ಕೇಳಿದಳು. ಎರಡನೇ ಮಹಡಿಯಲ್ಲಿ ಎಂದರು. ನಾವು ಕೂತಿದ್ದದ್ದು ಮೊದಲನೇ ಮಹಡಿಯಲ್ಲಿ.

ನನ್ನ ಬಿಪಿ ಏರಿದ್ದು ಅಲ್ಲೇ. ಹತ್ತೊಂಬತ್ತು ಮೆಟ್ಟಿಲು ಹತ್ತಿಸುವ ಬದಲು ಆರು ತಿಂಗಳು ಮಾತ್ರೆ ನುಂಗಿಸಲು ಹೊರಟಿದ್ದರು ಈ ಮಹಾನುಭಾವರು. ಕೇಳಿದರೆ, ಮೇಲೆ ಸರದಿ ಉದ್ದವಂತೆ. ಸರದಿ ಉದ್ದವೆಂದು ನಾನು ತೂಕ ಹಾಕದೆ ಮೂಟೆ ಮಾರಿದರೆ ಇವರು ಸುಮ್ಮನಿರುತ್ತಾರೆಯೇ?

ಸೂಜಿಯಕ್ಕ ಮಾತ್ರ ದನಿ ಏರಿಸಲಿಲ್ಲ. "ಕೊಳವೆ ಖಾಲಿ ಬಂತು ಅಂದ್ರೆ ಕಾಳು ಕೆಟ್ಟಿದೆ ಅಂತಲ್ಲ ಡಾಕ್ಟ್ರೇ, ಚುಚ್ಚಿದ್ದು ಸರಿಯಿಲ್ಲ ಅಂತ. ಸರದಿ ಇದ್ರೆ ಕಾಯ್ತೀನಿ. ಊಹೆಗೆಲ್ಲ ಮಾತ್ರೆ ನುಂಗಲ್ಲ."

ಹದಿನೇಳು ದಿನ ಕಾದಳು. ಈ ಸಲ ಎರಡು ಗ್ರಂಥಿಗೆ ಮೂರು ಮೂರು ಬಾರಿ, ನೋಡುತ್ತಲೇ ಚುಚ್ಚಿದರು. ಪಕ್ಕದಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಿದ್ದ ಲ್ಯಾಬಿನಾಕೆ ಮಾದರಿ ಸಾಕು ಎಂದ ಮೇಲೆಯೇ ಕೊಳವೆ ಹೊರಗೆ ತೆಗೆದರಂತೆ. ಉತ್ತರ ಬಂತು: ಸಾರ್ಕಾಯ್ಡೋಸಿಸ್. ಮೈಯನ್ನು ಕಾಯುವ ಕಣಗಳೇ ಗುಂಪುಗೂಡಿ ಗಂಟು ಕಟ್ಟುವ ರೋಗ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಕ್ಷಯದ ಕ್ರಿಮಿ ಹುಡುಕಿದರೂ ಸಿಗಲಿಲ್ಲ. ಸದ್ಯಕ್ಕೆ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸು ಎಂದರು.

ಕಾಗದ ಹಿಡಿದು ಅವಳು ಮಂಡಿಗೆ ಬಂದಾಗ ನಾನು ಗಲ್ಲಾ ಬಿಟ್ಟೆದ್ದು, ಎಲ್ಲರಿಗೂ ಕೇಳುವಂತೆ ಆ ವೈದ್ಯರ ಜನ್ಮ ಜಾಲಾಡುತ್ತಿದ್ದೆ. ಅವಳು ಕೇಳಿಸಿಕೊಂಡಳು. ಆಮೇಲೆ ಸೆರಗಿನ ಗಂಟಿನಿಂದ ನಮ್ಮ ಪತ್ರ ತೆಗೆದು ಬಿಡಿಸಿದಳು. ಕೆಳಗೆ ಏಳು ರುಜು. ಮೂರನೆಯದು ನನ್ನದು.

"ಡಾಕ್ಟ್ರು ಒಂದ್ಸಲನಾದ್ರೂ ಚುಚ್ಚಿ ನೋಡಿದ್ರು, ಅಣ್ಣಾ," ಎಂದಳು. "ನೀವು?"

ಗೇಟಿನಾಚೆಯ ಸ್ಟೂಲನ್ನು ನಾನೇ ಹೊತ್ತು ತಂದೆ. ಅವಳು ಕೂರಲಿಲ್ಲ. ನೆಟ್ಟಗೆ ನನ್ನ ಮೂಟೆಗಳ ಬಳಿ ನಡೆದು, ಬಾಯಿ, ನಡು ಎರಡನ್ನೂ ಬಿಟ್ಟು, ಮೊದಲು ತಳಕ್ಕೇ ಚುಚ್ಚಿದಳು.