ನೆಲಕ್ಕೆ ಅಂಜುವ ತಾಯವ್ವ

ಹುನಗುಂದದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಿವೃತ್ತ ಮಾಸ್ತರ ಪಂಢರೀನಾಥ ಅವರ ಮನೆಯ ಹಿತ್ತಿಲಲ್ಲಿ ತಾಯವ್ವ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದಾರೆ. ನೆಲದ ತುಂಬ ನಿನ್ನೆ ಸಂಜೆ ಅವರೇ ಜರಡಿ ಹಿಡಿದು ಉದುರಿಸಿದ ಒಲೆಯ ಬೂದಿ. ಅದರ ಮೇಲೆ ಈಗಷ್ಟೇ ಯಾರೋ ಬರಿಗಾಲಲ್ಲಿ ನಡೆದುಹೋಗಿದ್ದಾರೆ, ಬಾಗಿಲಿನಿಂದ ನಲ್ಲಿಗೆ, ನಲ್ಲಿಯಿಂದ ತುಳಸಿಕಟ್ಟೆಗೆ. ಹೆಜ್ಜೆಗಳು ಮಾಸ್ತರರ ಹೆಂಡತಿ ತುಳಸೀಬಾಯಿಯವರವು. ಅವರ ಕಣ್ಣು ದಿನದಿನಕ್ಕೆ ಮಂದವಾಗುತ್ತಿದೆ. ಪೂರ್ತಿ ಕತ್ತಲಾಗುವ ಮುಂಚೆ, ಯಾರ ಕೈಯನ್ನೂ ಹಿಡಿಯದೆ ಓಡಾಡುವಂಥ ಹಿತ್ತಿಲು ಬೇಕು ಅವರಿಗೆ. ತಾಯವ್ವನನ್ನು ಕರೆಸಿದ್ದು ಅದಕ್ಕೇ.

ತಾಯವ್ವನ ಕೆಲಸಕ್ಕೆ ಊರಲ್ಲಿ ಹೆಸರಿಲ್ಲ. ಗೋಡೆ ಕಟ್ಟುವವರನ್ನು ಗೌಂಡಿ ಅನ್ನುತ್ತಾರೆ. ಗೋಡೆಯಾಚೆ ಉಳಿದ ಬಯಲನ್ನು ಮನೆಮಂದಿಯ ರೂಢಿ ನೋಡಿ ಹೊಂದಿಸಿಕೊಡುವ ಇವರನ್ನು ಏನನ್ನುವುದೋ ಯಾರಿಗೂ ಗೊತ್ತಿಲ್ಲ. ಇಳಕಲ್ಲಿನ ನೇಕಾರರಿಗೆ ಬಣ್ಣದ ನೂಲು ಒಣಹಾಕಲು ಗಾಳಿಯಾಡುವ ಉದ್ದನೆಯ ಜಾಗ, ಎಮ್ಮೆ ಕಟ್ಟಿದವರಿಗೆ ಗಂಜಲ ಹರಿದುಹೋಗುವ ಇಳಿಜಾರು, ಒಂಟಿ ಹೆಂಗಸಿಗೆ ಬೀದಿಯ ಕಣ್ಣಿಗೆ ಬೀಳದ ಸ್ನಾನದ ಮೂಲೆ. ಕಲ್ಲಿನ ಫ್ಯಾಕ್ಟರಿಯವರು ಹೊರಗೆಸೆದ ಕೆಂಪು ಕಲ್ಲಿನ ತುಂಡುಗಳನ್ನು ಗಂಡ ಶಂಕ್ರಪ್ಪ ಟಂಟಂ ಗಾಡಿಯಲ್ಲಿ ಹೇರಿ ತರುತ್ತಾರೆ. ತಾಯವ್ವ ಅವುಗಳ ನುಣುಪು ಮುಖವನ್ನು ಮಣ್ಣಿಗೆ ತಿರುಗಿಸಿ, ಒರಟು ಮುಖವನ್ನು ಮೇಲೆ ಮಾಡಿ ಹಾಸುತ್ತಾರೆ. ಒದ್ದೆ ಕಾಲು ಜಾರಬಾರದು.

“ಮಂದಿ ಹಾಳಿ ಮ್ಯಾಲ ಗೆರಿ ಎಳಕೊಂಡು ಬರ್ತಾರ್ರಿ. ಕಾಲು ಆ ಗೆರಿ ಮಾತು ಕೇಳೂದಿಲ್ಲ. ಅದಕ್ಕ ನಾ ಬೂದಿ ಹಾಕಿ ಕಾಲನ್ನ ಕೇಳ್ತೇನಿ,” ಅನ್ನುತ್ತಾರೆ.

ಆದರೆ ಹಳೆಯ ಮನೆಗಳ ಕೆಲಸ ಬಂದರೆ ಅವರಿಗೆ ಹಿಂದಿನ ದಿನವೇ ಅನ್ನ ಸೇರುವುದಿಲ್ಲ. ಈ ಸೀಮೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಬಾಯಿ ಕಿರಿದು, ಒಳಗೆ ಆಳು ಮುಳುಗುವಷ್ಟು ಆಳ. ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಕಾಳು ತುಂಬುವ ಕಾಲ ಹೋಯಿತು, ಗುಂಡಿಗಳು ಎಷ್ಟೋ ಕಡೆ ಹಾಗೆಯೇ ಉಳಿದವು. ಒಳಗಿನ ಗಾಳಿ ವಿಷ. ತಾಯವ್ವನ ಅಪ್ಪ ಕೂಲಿಗೆಂದು ಅಂಥದೊಂದರಲ್ಲಿ ಇಳಿದವರು.

“ಹಗ್ಗದ ತುದಿ ಹಿಡಕೊಂಡು ನಾ ಮ್ಯಾಲ ಕುಂತಿದ್ನಿ, ಸಣ್ಣಾಕಿ. ಜಗ್ಗು ಅಂದ ಅಪ್ಪ. ಜಗ್ಗಿದ್ನಿ. ಆಮ್ಯಾಲ ಏನೂ ಅನ್ನಲಿಲ್ಲ. ಬರೇ ಹಗ್ಗ ಬಂತು.”

ಇವತ್ತು ಬೂದಿಯ ಮೇಲಿನ ಹೆಜ್ಜೆಗಳನ್ನು ಅವರು ಮತ್ತೆ ಮತ್ತೆ ನೋಡುತ್ತಿದ್ದಾರೆ. ನಲ್ಲಿಯಿಂದ ತುಳಸಿಕಟ್ಟೆಗೆ ನೇರ ದಾರಿಯಿದೆ, ಅಡ್ಡ ಒಂದು ಕಲ್ಲೂ ಇಲ್ಲ. ಆದರೂ ಹೆಜ್ಜೆಗಳು ನಡುವೆ ಬಾಗಿ, ಏನೂ ಇಲ್ಲದ ಬಯಲನ್ನು ಬಳಸಿಕೊಂಡು ಹೋಗಿವೆ.

ಮಾಸ್ತರು ಚಹಾ ಹಿಡಿದು ಬರುತ್ತಾರೆ. “ಏನವ್ವಾ, ಪತ್ತೇದಾರಿ ಎಲ್ಲೀತನಕ ಬಂತು?”

“ಬಾಯಾರು ಇಲ್ಲಿ ಯಾಕ ಸುತ್ತ ಹಾಕ್ಯಾರ್ರಿ, ಸರ?”

“ನಾ ಎಲ್ಲಿ ಸುತ್ತ ಹಾಕೇನಿ?” ಕಟ್ಟೆಯ ಬಳಿಯಿಂದ ತುಳಸೀಬಾಯಿ ಕೇಳುತ್ತಾರೆ. “ನೆಟ್ಟಗ ಬಂದೇನಿ.”

“ನೆಟ್ಟಗ ಹೋಗೂ ಸ್ವಭಾವನ ಅಲ್ಲ ಇಕೀದು. ಮದುವಿ ಆದಾಗಿಂದ ನೋಡ್ಲಿಕ್ಕತ್ತೇನಿ.”

“ನೀವು ಸುಮ್ಮನ ಚಹಾ ಕುಡೀರಿ.”

ತಾಯವ್ವ ನಗುವುದಿಲ್ಲ. ಇಲ್ಲಿ ಹಗೇವು ಇತ್ತೇ ಎಂದು ಕೇಳುತ್ತಾರೆ. “ಇತ್ತು, ಪಡಸಾಲಿ ಮುಂದ,” ಅನ್ನುತ್ತಾರೆ ಮಾಸ್ತರು. “ನಮ್ಮಪ್ಪ ನನ್ನ ಕಣ್ಣ ಮುಂದ ಮಣ್ಣು ತುಂಬಿಸ್ಯಾರ. ಹಿತ್ತಲದಾಗ ಏನೂ ಇಲ್ಲ.” ಅವರ ಲೆಕ್ಕದಲ್ಲಿ ನಲ್ಲಿಯಿಂದ ಕಟ್ಟೆಗೆ ನೇರವಾಗಿ ಕಲ್ಲು ಹಾಸಿ, ಪಕ್ಕಕ್ಕೆ ಹಿಡಿಯಲು ಪೈಪು ನೆಟ್ಟರಾಯಿತು.

ತಾಯವ್ವ ಹಾರೆಯ ಹಿಂಬದಿಯಿಂದ ನೆಲ ಗುದ್ದುತ್ತಾರೆ. ಮೊನ್ನೆಯ ಮಳೆಗೆ ನೆಲದ ಒಳಗೆಲ್ಲ ಇನ್ನೂ ಹಸಿಯಿದೆ, ಎಲ್ಲ ಕಡೆ ಒಂದೇ ಮಂಕು ಸದ್ದು. ಅವರಿಗೆ ತಿಳಿಯುವುದಿಲ್ಲ. ಹಿಂದೆ ಕೆಲವು ಮನೆಗಳಲ್ಲಿ ಅಂಜಿ ಅಗೆಸಿ, ಏನೂ ಸಿಗದೆ, ‘ತನ್ನ ನೆರಳಿಗೇ ಬೆದರೂ ಹೆಂಗಸು’ ಅನ್ನಿಸಿಕೊಂಡಿದ್ದಾರೆ. ಅಗೆಯದೆ ಕಲ್ಲು ಹಾಸಿ, ಕೆಳಗೆ ಹಗೇವಿದ್ದರೆ, ಕಣ್ಣು ಕಾಣದ ಹೆಂಗಸನ್ನು ದಿನಾ ಬೆಳಿಗ್ಗೆ ಅದರ ಬಾಯಿಯ ಮೇಲೆ ತಾವೇ ನಡೆಸಿದಂತೆ. ಹಾರೆಯನ್ನು ನೆಲಕ್ಕೆ ಊರಿ, ಹೆಜ್ಜೆ ಬಾಗಿದ ಜಾಗವನ್ನು ಮತ್ತೆ ನೋಡುತ್ತಾರೆ.

ತುಳಸೀಬಾಯಿ ಕಟ್ಟೆಯನ್ನು ತಡವಿ ಕೂರುತ್ತಾರೆ. “ಅತ್ತಿಯವರು ಅಲ್ಲಿ ಕಾಲಿಡಬ್ಯಾಡ ಅಂತಿದ್ರು,” ಅನ್ನುತ್ತಾರೆ. “ಬೀಜದ ಜ್ವಾಳಕ್ಕ ಅಂತ ಸಣ್ಣದೊಂದು ಹಗೇವು ಅದ, ಗಂಡಸರ ಮುಂದ ಬಾಯಿ ಬಿಡಬ್ಯಾಡ, ಬೀಜಾನೂ ಮಾರಿ ಕೂಡ್ತಾರ ಅಂತ. ನಾ ಮರತೇ ಬಿಟ್ಟಿದ್ದೆ. ದೊಡ್ಡದರ ಜೋಡಿ ಅದನ್ನೂ ತುಂಬಿಸಿರಬೇಕು ಅಂದ್ಕೊಂಡೆ.”

ಮಾಸ್ತರು ಚಹಾ ಕೆಳಗಿಡುತ್ತಾರೆ. “ಗೊತ್ತೇ ಇಲ್ಲದ್ದನ್ನ ನಮ್ಮಪ್ಪ ಹ್ಯಾಂಗ ತುಂಬಸ್ತಾರ, ತುಳಸಾ?”

ಶಂಕ್ರಪ್ಪ ಬರುವವರೆಗೆ ತಾಯವ್ವ ಯಾರನ್ನೂ ಅತ್ತ ಬಿಡುವುದಿಲ್ಲ. ಬಂದ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿಸಿ, ಗಂಡನ ಕೈಗೂ ಕೊಡುತ್ತಾರೆ. ಭಾರ ಹರಡಲೆಂದು ಹಲಗೆ ಹಾಸಿ, ಅದರ ಮೇಲೆ ಬೋರಲು ಮಲಗಿ ಕಳೆ ಕೀಳುವ ಕುರ್ಚಿಗೆಯಿಂದ ಮಣ್ಣು ಕೆರೆಯುತ್ತಾರೆ. ಮೊಣಕೈ ಆಳದಲ್ಲಿ ಚಪ್ಪಡಿ ಸಿಗುತ್ತದೆ. ನಟ್ಟನಡುವೆ ಸೀಳಿದೆ. ಸೀಳಿನಿಂದ ಒಂದು ಹಿಡಿ ಮಣ್ಣು ಜಾರುತ್ತದೆ, ಅದು ಬಿದ್ದ ಸದ್ದು ಆಳದಿಂದ ಕೇಳುತ್ತದೆ.

“ಹಿಂದಕ್ಕ ಬಾ,” ಅನ್ನುತ್ತಾರೆ ಶಂಕ್ರಪ್ಪ. ಹಗ್ಗವನ್ನು ಬಿಗಿಯಾಗಿ ಎಳೆಯುತ್ತಾರೆ.

ಇಬ್ಬರೂ ಸೇರಿ ಹಾರೆ ಹಾಕಿ ಚಪ್ಪಡಿಯ ಒಂದು ಹೋಳನ್ನು ಸರಿಸುತ್ತಾರೆ. ಕೊಳೆತ ಹುಲ್ಲಿನ ನಾತ ಮೇಲೇಳುತ್ತದೆ. ತಾಯವ್ವ ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಡುತ್ತಾರೆ. ಸ್ವಲ್ಪ ಇಳಿದದ್ದೇ ಉರಿ ಸಣ್ಣದಾಗಿ, ನೀಲಿಯಾಗಿ, ಆರಿಹೋಗುತ್ತದೆ. ಅವರು ಹಗ್ಗವನ್ನು ಮೇಲೆಳೆದುಕೊಳ್ಳುತ್ತಾರೆ.

“ಏನು ಕಾಣಸ್ತದ, ತಾಯವ್ವ?” ದೂರದಿಂದ ತುಳಸೀಬಾಯಿ ಕೇಳುತ್ತಾರೆ.

“ಏನೂ ಕಾಣೂದಿಲ್ರಿ ಬಾಯಾರ.”

ಎರಡು ದಿನ ಸುತ್ತ ಮುಳ್ಳಿನ ಬೇಲಿ ಹಾಕಿ ಗಾಳಿಗೆ ಬಿಟ್ಟು, ಆಮೇಲೆ ಗರಸು ಮಣ್ಣು, ಕಲ್ಲು ಸುರಿದು, ನೀರು ಬಿಟ್ಟು, ದಮ್ಮಸು ಹೊಡೆದು ಗಟ್ಟಿಯಾಗಿ ತುಂಬಿಸುತ್ತಾರೆ. ಒಳಕ್ಕೆ ಯಾರೂ ಇಳಿಯುವುದಿಲ್ಲ. ಈಗ ಅಲ್ಲಿ ಲಾರಿ ನಿಲ್ಲಿಸಬಹುದು ಅನ್ನುತ್ತಾರೆ ಶಂಕ್ರಪ್ಪ. ಆದರೂ ತಾಯವ್ವ ಕೆಂಪು ಕಲ್ಲಿನ ದಾರಿಯನ್ನು ಆ ಜಾಗ ಬಳಸಿಯೇ ಹಾಸುತ್ತಾರೆ. ತುಳಸೀಬಾಯಿಯ ಕಾಲು ರೂಢಿ ಬಿಡುವುದಿಲ್ಲ, ಕಣ್ಣು ಹೋದ ಮೇಲಂತೂ ಬಿಡುವುದಿಲ್ಲ. ಮಾಸ್ತರು ಪೈಪನ್ನೂ ಬಾಗಿಸಿ ತರಿಸುತ್ತಾರೆ. ಕೆಲಸ ಮುಗಿದ ದಿನ ಅವರ ಹೆಂಡತಿ ತಂಬಿಗೆ ಹಿಡಿದು ಒಬ್ಬರೇ ಕಟ್ಟೆಯವರೆಗೆ ಹೋಗಿ ಬರುತ್ತಾರೆ. ಅಷ್ಟು ಹೊತ್ತೂ ತಾಯವ್ವ ಅವರ ಪಾದಗಳನ್ನೇ ನೋಡುತ್ತಾರೆ.

ಮುಂದಿನ ಕೆಲಸ ಇಳಕಲ್ಲಿನಲ್ಲಿ. ಹಳೆಯ ವಾಡೆಯ ದೊಡ್ಡ ಮನೆ, ಈಚೆಗೆ ಕೈ ಬದಲಾಗಿದೆ. ಕೊಂಡವರು ಹೊಸಬರು, ಮಾರಿದವರು ಊರಲ್ಲಿಲ್ಲ. ಆ ಮಾತೆತ್ತಿದರೆ ತಾಯವ್ವನ ಮುಖ ಸಣ್ಣದಾಗುತ್ತದೆ.

“ನನಗ ಬ್ಯಾರೆ ಏನೂ ಬ್ಯಾಡ್ರಿ. ಮನಿ ಮಾರೂವಾಗ ಮನ್ಯಾಗಿನ ಮುದುಕ್ಯಾರನ್ನ ಒಂದ್ ಮಾತು ಕೇಳ್ರಿ, ಎಲ್ಲಿ ಕಾಲಿಡಬ್ಯಾಡ ಅಂತಿದ್ರು ಅಂತ. ಅದನ್ನ ಕೊಳ್ಳೂ ಮಂದಿಗೆ ಹೇಳಿ ಹೋಗ್ರಿ. ಅಷ್ಟಾದ್ರ ನಾ ಹೊಟ್ಟಿ ತುಂಬ ಉಂಡು ಕೆಲಸಕ್ಕ ಹೋಗ್ತೇನಿ.”