ಮಡಿಲಿಗೆ ಪುಸ್ತಕ ಹಾಕಿಸುತ್ತಿದ್ದ ರಾಜಮ್ಮ ಮಿಸ್

ಗುರುವಾರ ಮಧ್ಯಾಹ್ನ ಹಿತ್ತಿಲಲ್ಲಿ ಕೂತು ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಗುಬ್ಬಿಯಲ್ಲಿ ಅಂಗಡಿ ಇಟ್ಟಿರುವ ನನ್ನ ತಮ್ಮ ಕುಣಿಗಲ್ಲಿಗೆ ಬಂದವನು, ಚಪ್ಪಲಿ ಬಿಡುವ ಮುಂಚೆಯೇ, "ಅಕ್ಕಾ, ನಿಮ್ಮ ರಾಜಮ್ಮ ಮಿಸ್ ಹೋಗ್ಬಿಟ್ರು ಕಣಕ್ಕ. ನೆನ್ನೆನೇ ಎಲ್ಲಾ ಮುಗೀತಂತೆ" ಎಂದ. ಕೈಯಲ್ಲಿದ್ದ ದೀಪ ಕೈಯಲ್ಲೇ ಉಳಿಯಿತು. ಶುಕ್ರವಾರ ದೀಪ ಹಚ್ಚಿದ ಮನೆಯಲ್ಲಿ ಕಣ್ಣೀರು ಹಾಕಬಾರದು. ಸುದ್ದಿ ಗುರುವಾರವೇ ಬಂತಲ್ಲ, ಅಷ್ಟಾದರೂ ದೇವರು ನಡೆಸಿಕೊಟ್ಟ.

ಮಿಸ್ ಹಣೆಯಲ್ಲಿ ಕುಂಕುಮ ಇರಲಿಲ್ಲ, ಚೀಲದಲ್ಲಿ ಮಾತ್ರ ಸದಾ ಇರುತ್ತಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ತುಮಕೂರಿನ ಹೆಣ್ಣುಮಕ್ಕಳ ಸರ್ಕಾರಿ ಹೈಸ್ಕೂಲಿನಲ್ಲಿ ನಮಗೆ ಸೈನ್ಸ್ ಹೇಳಿಕೊಡುತ್ತಿದ್ದರು. ಕ್ಲಾಸಿಗೆ ಕಾಲಿಡುತ್ತಲೇ "ಬೆನ್ನು ನೆಟ್ಟಗೆ!" ಎನ್ನುತ್ತಿದ್ದರು. ಉತ್ತರ ಬಾರದೆ ತಡವರಿಸಿದರೆ, "ಬೆಳಿಗ್ಗೆ ಏನೇ ತಿಂದೆ?" "ಮುದ್ದೆ ಮಿಸ್." "ಮುದ್ದೆ ನುಂಗಿದ್ದು ಸಾಕು, ಉತ್ತರ ಯಾಕೇ ನುಂಗ್ತೀಯ? ಉಗುಳು!" ಎನ್ನುವರು.

ಹಳೇ ಛತ್ರದಲ್ಲಿ ಶುರುವಾದ ಸ್ಕೂಲು ನಮ್ಮದು. ಹೆಂಚು ಸೋರುತ್ತಿತ್ತು, ಕಾಂಪೌಂಡ್ ಇರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಬೆಂಚಿಗೆ ಐದಾರು ಜನ ಒತ್ತಿಕೊಂಡು ಕೂರುತ್ತಿದ್ದೆವು. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಪಕ್ಕದಲ್ಲಿ ಚೀಲವನ್ನೂ ಕೂರಿಸುವಷ್ಟು ಜಾಗ. ಹುಡುಗಿ ದೊಡ್ಡವಳಾದರೆ ಮನೆಯಲ್ಲಿ ಆರತಿ ಮಾಡುವರು, ಆಮೇಲೆ ಸ್ಕೂಲು ಬಿಡಿಸುವರು.

ಇದಕ್ಕೆ ಮಿಸ್ ಒಂದು ದಾರಿ ಕಂಡುಕೊಂಡಿದ್ದರು. ಆರತಿಯ ದಿನ ಮುಂದಿನ ಕ್ಲಾಸಿನ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದನ್ನು ಹುಡುಗಿಯ ಮಡಿಲಿಗೆ ಹಾಕಿಸುತ್ತಿದ್ದರು. ಮಡಿಲಿಗೆ ಬಿದ್ದದ್ದನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ. ಪುಸ್ತಕ ಇಟ್ಟುಕೊಂಡು ಹುಡುಗಿಯನ್ನು ಮನೆಯಲ್ಲಿ ಕೂರಿಸಿದರೆ ಸರಸ್ವತಿಗೆ ಅಪಚಾರವೆಂದು ಹಿರಿಯರೇ ಅಂಜುತ್ತಿದ್ದರು. ಮಡಿಲು ತುಂಬುವವರು ಮುತ್ತೈದೆಯರು. ಹಾಗಾಗಿ ಹೊಲಿಗೆ ಕಲಿಸುವ ಶಾರದಾ ಮಿಸ್ ಒಳಗೆ ಹೋಗುವರು, ರಾಜಮ್ಮ ಮಿಸ್ ಕೊಡೆ ಹಿಡಿದು ಬೀದಿಯಲ್ಲೇ ನಿಲ್ಲುವರು.

ನನ್ನ ಆರತಿಯಲ್ಲಿ ಅಜ್ಜಿ, "ತೆಂಗಿನಕಾಯಿ ಹಾಕೋದ್ ಬುಟ್ಟು ಇದೇನೇ ಬುಕ್ಕು?" ಎಂದು ಗೊಣಗಿದರು. ಅಮ್ಮ ನಗುತ್ತಾ, "ಬಿದ್ದೋಯ್ತಲ್ಲ ಅತ್ತೆ, ಇನ್ನೇನ್ ಮಾಡಾದು?" ಎಂದಳು. ನಾನು ಹತ್ತನೇ ಕ್ಲಾಸು ಮುಗಿಸಿದ್ದು ಆ ಒಂದು ಮಾತಿನಿಂದ.

ನನ್ನ ಬೆಂಚಿನ ನಾಗರತ್ನ ಹೆಬ್ಬೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಆರತಿಯ ಹೊತ್ತಿಗೆ ಶಾರದಾ ಮಿಸ್ ಬಾಣಂತನಕ್ಕೆ ತವರಿಗೆ ಹೋಗಿದ್ದರು. ರಾಜಮ್ಮ ಮಿಸ್ ನನ್ನನ್ನು ಕರೆದುಕೊಂಡು ತಾವೇ ಹೊರಟರು. ಬಾಗಿಲಲ್ಲಿ ನಿಂತು ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿದರು: "ಇದೊಂದು ಅವಳ ಮಡಿಲಿಗೆ ಹಾಕಮ್ಮ." ಯಾರೂ ಕೈ ನೀಡಲಿಲ್ಲ. ಸೋದರಮಾವನಿಗೆ ಕೊಡುವ ಮಾತು ಒಳಗೆ ಆಗಲೇ ನಡೆದಿತ್ತು. ನಾಗರತ್ನ ಹಸೆಯ ಮೇಲಿಂದ ನಮ್ಮನ್ನೇ ನೋಡುತ್ತಿದ್ದಳು. ಮಿಸ್ ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದು, ತಮ್ಮ ಕೈಯಾರೆ ಪುಸ್ತಕವನ್ನು ಅವಳ ಮಡಿಲಿಗೆ ಹಾಕಿಬಿಟ್ಟರು. ಆರತಿ ತಟ್ಟೆ ಹಿಡಿದವರು ಹಾಗೇ ನಿಂತರು.

ನಾಗರತ್ನ ಸ್ಕೂಲಿಗೇನೋ ಬಂದಳು. ಆದರೆ ಬೇಸಿಗೆ ರಜದಲ್ಲಿ ಮದುವೆ ಮಾಡಿದರು. ಮುಂದಿನ ಬೇಸಿಗೆಯೊಳಗೆ ಹೆರಿಗೆಯಲ್ಲಿ ತಾಯಿಯೂ ಹೋದಳು, ಮಗುವೂ ಹೋಯಿತು.

ಅವಳಮ್ಮ ಸ್ಕೂಲಿಗೆ ಬಂದರು. ಸೆರಗಿನಲ್ಲಿ ಪುಸ್ತಕ ಇತ್ತು, ಕುಂಕುಮ ಇನ್ನೂ ಮಾಸಿರಲಿಲ್ಲ. "ತಗಳಿ ನಿಮ್ಮ ಬುಕ್ಕ. ಮಡ್ಲಿಗೆ ಹಾಕಿದ್ದು ವಾಪಸ್ ಕೊಡಬಾರ್ದು ಅಂತಾರೆ. ಮಡ್ಲೇ ಇಲ್ವಲ್ಲ ತಾಯಿ, ಎಲ್ಲಿಟ್ಕಳಾನ? ನಿಮ್ಮ ಕೈ ಬೀಳದೇ ಇದ್ದಿದ್ರೆ ನನ್ ಕೂಸು ಬದುಕಿರಾದು." ಮಿಸ್ ಎರಡೂ ಕೈಯಲ್ಲಿ ಪುಸ್ತಕ ಈಸಿಕೊಂಡರು. ಆ ತಾಯಿ ರಸ್ತೆಗೆ ಇಳಿದು ಹೋದ ಮೇಲೆ ಕ್ಲಾಸಿಗೆ ಬಂದು, ನಮ್ಮ ಕಡೆ ತಿರುಗಿ, "ನನ್ನ ಕೈ ಅಲ್ಲ ಕಣ್ರೇ. ಎಳೇ ಮೈಗೆ ಬಸುರು ಹೊರಿಸಿದ್ರಲ್ಲ, ಅದು" ಎಂದರು. ಅವತ್ತು "ಬೆನ್ನು ನೆಟ್ಟಗೆ" ಎನ್ನಲಿಲ್ಲ.

ಮಿಸ್ ಕೈ ಬಿದ್ದದ್ದಕ್ಕೇ ನಾಗರತ್ನ ಹೋದಳೆಂಬ ಮಾತು ಹೆಬ್ಬೂರಿನ ಬಸ್ಸಿನಲ್ಲೇ ಊರೂರಿಗೂ ಹೋಯಿತು. ಶಾರದಾ ಮಿಸ್ ವಾಪಸ್ ಬಂದರೂ ಆರತಿಯ ಮನೆಗಳು ಪುಸ್ತಕದ ಚೀಲ ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದವು. ಹತ್ತನೇ ಕ್ಲಾಸಿನ ಎರಡು ಸೆಕ್ಷನ್ ಸೇರಿ ಒಂದಾಯಿತು. ಮಿಸ್‌ಗೆ ಗುಬ್ಬಿಗೆ ವರ್ಗವಾಯಿತು. ಆ ಖಾಲಿ ಬೆಂಚುಗಳನ್ನು ಎತ್ತಿ ಸೋರುವ ಕೋಣೆಯಲ್ಲಿ ಒಟ್ಟಿದ್ದನ್ನು ನಾನೇ ನೋಡಿದ್ದೇನೆ.

ಅವರನ್ನು ಕಡೆಯದಾಗಿ ಕಂಡದ್ದು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ. ನಾನು ಏಳು ತಿಂಗಳ ಬಸುರಿ, ತಮ್ಮನ ಮನೆಯಿಂದ ಹೊರಟಿದ್ದೆ.

"ಏನೇ, ಬೆನ್ನು ಬಾಗಿದೆ?"

"ಹೊಟ್ಟೆ ಭಾರ ಮಿಸ್."

ನಕ್ಕರು. ಪಕ್ಕದ ಗಾಡಿಯಲ್ಲಿ ಬಾಳೆಹಣ್ಣು ಕೊಂಡರು. ನಾನು ಸೆರಗು ಒಡ್ಡಿದೆ. ಮುಂದೆ ಬಂದ ಕೈ ಅರ್ಧದಲ್ಲೇ ನಿಂತಿತು. ಹಣ್ಣನ್ನು ಕಲ್ಲುಬೆಂಚಿನ ಮೇಲಿಟ್ಟು, "ನೀನೇ ಎತ್ಕೊಳೇ" ಎಂದರು.

"ನಿಮ್ಮ ಕೈ ಅಲ್ಲ ಅಂತ ನೀವೇ ಹೇಳಿದ್ರಲ್ಲ ಮಿಸ್."

"ಹೇಳಿದ್ದೆ. ಎತ್ಕೋ, ಬಿಸಿಲು."

ನಾನು ಎತ್ತಿಕೊಂಡೆ. ಭಗವಂತ ದೊಡ್ಡವನು, ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ಅವಳೀಗ ಹೈಸ್ಕೂಲಿಗೆ ಹೋಗುತ್ತಾಳೆ. ಇನ್ನೇನು ಅವಳಿಗೂ ಆರತಿಯ ವಯಸ್ಸು. ಆ ದಿನ ಮಿಸ್‌ನ ಕರೆದುಕೊಂಡು ಬಂದು ಒಳಗೇ ಕೂರಿಸಬೇಕು, ಅವರ ಕೈಯಿಂದಲೇ ಮಡಿಲಿಗೆ ಪುಸ್ತಕ ಹಾಕಿಸಬೇಕು ಎಂದು ಅಂದುಕೊಂಡಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ದೇವರಿಗೆ ಮಾತ್ರ ಹೇಳಿದ್ದೆ.

ತಮ್ಮ ಒಳಗಿನಿಂದ, "ಅಕ್ಕಾ, ಒಂದ್ಲೋಟ ನೀರು" ಎಂದ. ಕೊಟ್ಟು ಬಂದೆ. ಅಷ್ಟರಲ್ಲಿ ಹುಣಸೆಹುಳಿ ದೀಪದ ಮೇಲೆ ಒಣಗಿ ಕಲೆ ನಿಂತಿತ್ತು. ಇನ್ನೊಂದು ಉಂಡೆ ಹುಣಸೆಹಣ್ಣು ನೆನೆಹಾಕಿದೆ.