ಟ್ಯೂಬಿನ ಪಟ್ಟಿ ಕಟ್ಟಿದ ಕೋಲು

ಕ್ಯಾಸಲ್‌ರಾಕ್ ಕಡೆಯ ರೈಲ್ವೆಯವರು ಸುರಂಗದಲ್ಲಿ ಅದು ಕಂಡಿತು, ಇದು ಕೇಳಿಸಿತು ಎಂದು ಹೇಳುವ ಕಥೆಗಳಿಗೆಲ್ಲ ನಾನು ನಕ್ಕವನು. ಹಳಿಯಾಳದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕತ್ತಲು, ಆಯಾಸ, ಒಂಟಿತನ ಸೇರಿದರೆ ಮನುಷ್ಯನಿಗೆ ಏನು ಬೇಕಾದರೂ ಕಂಡೀತು ಎಂದು ವಾದಿಸುತ್ತಿದ್ದೆ. ನನಗಾದ ಅನುಭವದಲ್ಲಿ ಈ ಮೂರೂ ಇರಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿತ್ತು, ಪಕ್ಕದಲ್ಲಿ ಗೆಳೆಯ ಬಸು ಚುರುಮರಿ ತಿನ್ನುತ್ತ ಕೂತಿದ್ದ.

ಅದಕ್ಕೂ ಮೊದಲು ಸಲೀಮನ ಬಗ್ಗೆ ಹೇಳಬೇಕು. ದಾಂಡೇಲಿಯಲ್ಲಿ ಅವನದೊಂದು ಗ್ಯಾರೇಜು. ಪ್ರವಾಸಿಗರ ಕಂಪನಿಯೊಂದು ಬಿಸಾಕಿದ ಕನೂ ದೋಣಿಯನ್ನು ತಂದು ಗ್ಯಾರೇಜಿನ ಹಿಂದೆ ಮಗುಚಿ ಹಾಕಿ, ಸಿಕ್ಕ ಬಿಡುವಿನಲ್ಲೆಲ್ಲ ಅದರ ಬಿರುಕುಗಳಿಗೆ ತೇಪೆ ಹಾಕುತ್ತಿದ್ದ. ಬೇಸಿಗೆಯಲ್ಲಿ ನಾವು ಮೂವರೂ ಅದರಲ್ಲಿ ಕೂತು ಕಾಳಿ ನದಿಯ ನೊರೆನೀರಿನಲ್ಲಿ ಇಳಿದು ಹೋಗಬೇಕು ಎಂಬುದು ಅವನ ಆಸೆ. ಬರುಬರುತ್ತ ಅದು ನಮ್ಮದೂ ಆಯಿತು. ಪ್ರತಿ ಭಾನುವಾರ ದಂಡೆಯಲ್ಲಿ ಕೂತು ದಾರಿ ಲೆಕ್ಕ ಹಾಕುತ್ತಿದ್ದೆವು. ದಪ್ಪ ಮೈಯ ಬಸುವನ್ನು ಅವನು ಕಾಡಿಸುತ್ತಿದ್ದ: "ಬಸು, ನೀ ದೋಣ್ಯಾಗ ಕುಂತ್ರ ನದೀನ ಏರ್ತೈತಿ. ಡ್ಯಾಮಿನವರು ಬ್ಯಾರೆ ನೀರು ಬಿಡೂದ ಬ್ಯಾಡ!"

ಮೇಲಿನ ಅಣೆಕಟ್ಟಿನಲ್ಲಿ ಕರೆಂಟಿಗಾಗಿ ನೀರು ಬಿಟ್ಟಾಗ ಈ ನದಿ ಸದ್ದಿಲ್ಲದೆ ಏರುತ್ತದೆ. ಅದಕ್ಕೇ ಸಲೀಮ ನದಿಗೆ ಇಳಿದ ಕೂಡಲೇ ಒಂದು ಹಸಿ ಕೋಲು ಕಡಿದು ನೀರಂಚಿನ ಮರಳಿನಲ್ಲಿ ನೆಡುತ್ತಿದ್ದ. ನೀರಿನಿಂದ ಒಂದು ಗೇಣು ಮೇಲೆ, ಪಂಕ್ಚರಿಗೆಂದು ಕತ್ತರಿಸಿದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದ. "ಮಾಸ್ತರ, ಈ ಪಟ್ಟಿಗೆ ನೀರು ಮುಟ್ಟಿದ್ರ ಯಾಕ, ಹೆಂಗ ಅಂತ ಕೇಳಬ್ಯಾಡ. ಮೊದಲ ಓಡು, ಆಮ್ಯಾಲ ಪಾಠ ಹೇಳು," ಎನ್ನುತ್ತಿದ್ದ.

ಒಂದು ಮಳೆಗಾಲದಲ್ಲಿ ಕಾಮಾಲೆ ಎಂದು ಮಲಗಿದ ಸಲೀಮ ಮತ್ತೆ ಏಳಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಅವನ ಹೆಂಡತಿ ನಮ್ಮನ್ನು ಕರೆಸಿ ದೋಣಿ ತೋರಿಸಿದರು. ಅದರ ಮೇಲೆ ಒಂದೂ ಬಿರುಕು ಉಳಿದಿರಲಿಲ್ಲ. "ತಗೊಂಡ ಹೋಗ್ರಿ ಭಾಯಿ. ಅದಾದ್ರೂ ನೀರು ಕಾಣ್ಲಿ," ಎಂದರು. ಆ ಬೇಸಿಗೆಯಲ್ಲಿ ಹೋಗಿಯೇ ಬಿಡುವುದು ಎಂದು ಬಸು ಮತ್ತು ನಾನು ನಿರ್ಧರಿಸಿದೆವು.

ಮೊದಲು ಕಾಲ್ನಡಿಗೆಯಲ್ಲಿ ದಾರಿ ನೋಡಿ ಬರೋಣವೆಂದು ಹೋದ ದಿನ ಅದು. ನದಿ ಬತ್ತಿತ್ತು. ಮೊಣಕಾಲುದ್ದದ ನೀರು ದಾಟಿ ನಡುವಿನ ದೊಡ್ಡ ಬಂಡೆ ಏರಿದೆವು. ಅಲ್ಲಿಂದ ಕೆಳಗಿನ ತಿರುವು ಪೂರ್ತಿ ಕಾಣುತ್ತದೆ. ಎಡಕ್ಕೆ ಹಿಡಿಯಬೇಕೋ ಬಲಕ್ಕೋ ಎಂದು ವಾದಿಸುತ್ತಿದ್ದಾಗ ನನ್ನ ಕಣ್ಣು ಬಂಡೆಯ ಬುಡದ ಮರಳಿನತ್ತ ಹೋಯಿತು. ಅಲ್ಲೊಂದು ಕೋಲು ನೆಟ್ಟಿತ್ತು. ತುದಿಯ ಎಲೆಗಳು ಇನ್ನೂ ಬಾಡಿರಲಿಲ್ಲ. ಕಪ್ಪು ಪಟ್ಟಿ ಎರಡು ಸುತ್ತು, ತುದಿ ಒಳಗೆ. ನೀರು ಪಟ್ಟಿಯನ್ನು ನೆಕ್ಕುತ್ತಿತ್ತು.

"ಏಳು! ಓಡು!" ಎಂದು ಕೂಗಿದೆ. ಚುರುಮರಿ ಪೊಟ್ಟಣ ಅಲ್ಲೇ ಉಳಿಯಿತು. ಬರುವಾಗ ಮೊಣಕಾಲಿಗಿದ್ದ ನೀರು ಈಗ ಸೊಂಟ ದಾಟಿತ್ತು. ನಡುವೆ ಬಸು ಕಾಲು ಜಾರಿ ಮುಳುಗಿದ. ಅವನ ಅಂಗಿಯ ಕೊರಳಪಟ್ಟಿ ನನ್ನ ಕೈಗೆ ಹೇಗೆ ಸಿಕ್ಕಿತೋ ತಿಳಿಯದು. ಆ ಬಟ್ಟೆ ಬೆರಳುಗಳಲ್ಲಿ ಬಿಗಿದದ್ದು ಇಂದಿಗೂ ನಿದ್ದೆಯಲ್ಲಿ ಬರುತ್ತದೆ. ದಂಡೆಗೆ ಬಿದ್ದು ತಿರುಗಿ ನೋಡಿದರೆ ನಾವು ಕೂತ ಬಂಡೆಯೇ ಇರಲಿಲ್ಲ.

"ಚಲೋ ಆತು, ನೀ ಕೋಲು ನೆಟ್ಟಿದ್ದಿ," ಎಂದೆ.

ಬಸು ಕೆಮ್ಮುತ್ತಲೇ ನನ್ನನ್ನು ನೋಡಿದ. "ನಾ ಎಲ್ಲಿ ನೆಟ್ಟೇನೊ? ನೀ ನೆಟ್ಟಿರ್ತಿ ಅಂತ ನಾ ಆರಾಮ ಕುಂತಿದ್ದೆ."

ನಾನೂ ಹಾಗೆಯೇ ಕೂತಿದ್ದೆ. ಅದು ಯಾವತ್ತೂ ಸಲೀಮನ ಕೆಲಸ. ಅವನಿಲ್ಲ ಎಂಬುದು ನಮಗೆ ಗೊತ್ತಿತ್ತು, ನಮ್ಮ ಕೈಗಳಿಗೆ ಗೊತ್ತಿರಲಿಲ್ಲ.

ಮರುದಿನ ನೀರಿಳಿದಾಗ ಹುಡುಕಿದೆ. ಕೋಲು ಇರಲಿಲ್ಲ, ಪ್ರವಾಹ ಒಯ್ದಿರಬಹುದು. ಮೀನು ಹಿಡಿಯುವವರನ್ನು, ರಾಫ್ಟ್ ನಡೆಸುವವರನ್ನು ವಿಚಾರಿಸಿದೆ. ಹಾಗೆ ಪಟ್ಟಿ ಕಟ್ಟುವವನು ಸಲೀಮನೊಬ್ಬನೇ ಎಂದರು. ಅವನೇ ಹಿಂದೆ ನೆಟ್ಟದ್ದು ಎನ್ನೋಣವೆಂದರೆ, ನಡುವೆ ಒಂದು ಇಡೀ ಮಳೆಗಾಲದ ನೀರು ಆ ಮರಳಿನ ಮೇಲೆ ಹರಿದು ಹೋಗಿತ್ತು. ಅದೂ ಅಲ್ಲದೆ, ಎಲೆ ಹಸಿಯಾಗಿತ್ತು.

ಬಸುಗೆ ಅನುಮಾನವೇ ಇಲ್ಲ. "ಬಂದಿದ್ದ. ಇನ್ನೇನು ಬೇಕು ನಿನಗ?" ಎನ್ನುತ್ತಾನೆ. ನನಗೆ ಒಪ್ಪಲಾಗುವುದಿಲ್ಲ, ಅಲ್ಲಗಳೆಯಲೂ ಆಗುವುದಿಲ್ಲ. ಬಂದದ್ದು ಅವನೇ ಆಗಿದ್ದರೆ ಒಂದು ಮಾತಾದರೂ ಆಡಬಾರದಿತ್ತೇ, ಬಸುವನ್ನೊಮ್ಮೆ ಕಾಡಿಸಬಾರದಿತ್ತೇ ಎಂದು ಒಳಗೊಳಗೇ ಸಿಟ್ಟು ಬರುತ್ತದೆ.

ದೋಣಿ ಇನ್ನೂ ನೀರು ಕಂಡಿಲ್ಲ. ಪ್ರತಿ ಬೇಸಿಗೆ ಯೋಜನೆ ಹಾಕುತ್ತೇವೆ, ದಂಡೆಯವರೆಗೆ ಹೋಗುತ್ತೇವೆ. ಈಗ ಕೋಲು ನೆಡುವುದು ನನ್ನ ಕೆಲಸ. ಜೇಬಿನಲ್ಲಿ ಟ್ಯೂಬಿನ ಪಟ್ಟಿ ಇರುತ್ತದೆ. ಆದರೆ ಕೋಲು ಕಡಿಯುವ ಮೊದಲು ನೀರಂಚಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ ಬರುತ್ತೇನೆ, ಈಗಾಗಲೇ ಯಾರಾದರೂ ನೆಟ್ಟಿದ್ದಾರೇನೋ ಎಂದು.